ಕ್ರಿಯಾಪದಕ್ಕೂ ವೇಲೆನ್ಸಿ ಉಂಟು: ಇಂಗ್ಲಿಷಿನಲ್ಲಿ ಸಲಹೆ ಕೊಡುವ ಪದಗಳನ್ನು ಸರಿಯಾಗಿ ಬಳಸೋಣ



ವಿಜ್ಞಾನದ ಪತ್ರಿಕೆಯಲ್ಲಿ ಇಂಗ್ಲಿಷ್ ವ್ಯಾಕರಣಕ್ಕೆ ಏನು ಕೆಲಸ ಎಂದು ನೀವು ಕೇಳಬಹುದು. ಕೆಲಸ ಉಂಟು. ನೀವು ವಿಜ್ಞಾನ ಮೇಳಕ್ಕೆ ಪ್ರಾಜೆಕ್ಟ್ ಮಾಡುತ್ತೀರಿ. ಬಾವಿ ನೀರಿನ ಪರೀಕ್ಷೆ, ಅಡಿಕೆ ಸಿಪ್ಪೆಯ ಗೊಬ್ಬರ, ಸೊಳ್ಳೆ ನಿಯಂತ್ರಣ, ಹೀಗೆ ವಿಷಯ ಯಾವುದೇ ಇರಲಿ, ಕನ್ನಡದಲ್ಲಿ ಚಂದ ಮಾಡಿ ಬರೆಯುತ್ತೀರಿ. ಆಮೇಲೆ ತೀರ್ಪುಗಾರರಿಗೆ ಓದಲು ಅನುಕೂಲವಾಗಲಿ ಅಂತ ಒಂದು ಪುಟ ಇಂಗ್ಲಿಷಿನಲ್ಲೂ ಬರೆಯಬೇಕಾಗುತ್ತದೆ. ಆ ಪುಟದ ಕೊನೆಯಲ್ಲಿ ‘ನಮ್ಮ ತೀರ್ಮಾನ’, ‘ನಮ್ಮ ಸಲಹೆಗಳು’ ಎಂಬ ಎರಡು ಭಾಗ ಬರುತ್ತದೆ. ಹೆಚ್ಚಿನವರ ಕಾಲು ಜಾರುವುದು ಅಲ್ಲೇ.

ಮುಂದೆ ಹನ್ನೊಂದು, ಹನ್ನೆರಡಕ್ಕೆ ಹೋದಾಗ, ಐಟಿಐ, ಪಾಲಿಟೆಕ್ನಿಕ್ ಅಥವಾ ನರ್ಸಿಂಗ್ ಸೇರಿದಾಗ ಪುಸ್ತಕ ಇಂಗ್ಲಿಷಿನಲ್ಲಿ ಇರುತ್ತದೆ. ಔಷಧದ ಚೀಟಿ, ಯಂತ್ರದ ಜೊತೆ ಬರುವ ಸೂಚನೆ, ಪ್ರಯೋಗಾಲಯದ ಗೋಡೆಯ ಫಲಕ, ಎಲ್ಲದರಲ್ಲೂ ಸಲಹೆ, ಎಚ್ಚರಿಕೆ, ಆಜ್ಞೆ ಎಂಬ ಮೂರು ಬಗೆಯ ಮಾತು ಇರುತ್ತದೆ. ಯಾವುದು ಸಲಹೆ, ಯಾವುದು ಆಜ್ಞೆ ಎಂದು ತಿಳಿಯದಿದ್ದರೆ ಪೆಟ್ಟು ತಿನ್ನುವವರು ನಾವೇ. ಹಾಗಾಗಿ ಈ ಸಲ ಇದೇ ಪಾಠ.

ಒಂದು ಸೂಚನೆ: ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಗಟ್ಟಿಯಾಗಿ ಓದಿ. ಆಮೇಲೆ ನಿಮ್ಮ ನೋಟ್ ಪುಸ್ತಕದಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ. ಸ್ಪೆಲ್ಲಿಂಗ್ ಅಭ್ಯಾಸವೂ ಆಗುತ್ತದೆ.

1. ತಪ್ಪು ಎಲ್ಲಿಂದ ಬರುತ್ತದೆ?

ಪ್ರಾಜೆಕ್ಟ್ ವರದಿಗಳಲ್ಲಿ ಪದೇ ಪದೇ ಕಾಣುವ ವಾಕ್ಯ ಇದು:

‘ದ ಡಾಕ್ಟರ್ ಸಜೆಸ್ಟೆಡ್ ಮಿ ಟು ಡ್ರಿಂಕ್ ಬಾಯಿಲ್ಡ್ ವಾಟರ್.’

ಕೇಳಲಿಕ್ಕೆ ಸರಿಯಾಗಿಯೇ ಇದೆ ಅನ್ನಿಸುತ್ತದೆ ಅಲ್ವಾ? ಆದರೆ ಇದು ತಪ್ಪು. ಈಗ ‘ಸಜೆಸ್ಟೆಡ್’ ತೆಗೆದು ‘ಅಡ್ವೈಜ್ಡ್’ ಹಾಕಿ:

‘ದ ಡಾಕ್ಟರ್ ಅಡ್ವೈಜ್ಡ್ ಮಿ ಟು ಡ್ರಿಂಕ್ ಬಾಯಿಲ್ಡ್ ವಾಟರ್.’

ಇದು ಸರಿ. ಬದಲಾದದ್ದು ಒಂದೇ ಒಂದು ಪದ. ಅರ್ಥವೂ ಹೆಚ್ಚು ಕಡಿಮೆ ಅದೇ. ಹಾಗಾದರೆ ಒಂದು ತಪ್ಪು, ಇನ್ನೊಂದು ಸರಿ ಯಾಕೆ?

ನಮ್ಮ ಕನ್ನಡವನ್ನು ನೋಡಿ. ‘ವೈದ್ಯರು ನನಗೆ ಕುದಿಸಿದ ನೀರು ಕುಡಿಯಲು ಸಲಹೆ ನೀಡಿದರು.’ ‘ವೈದ್ಯರು ನನಗೆ ಕುದಿಸಿದ ನೀರು ಕುಡಿಯಲು ಸೂಚಿಸಿದರು.’ ‘ವೈದ್ಯರು ನನಗೆ ಕುದಿಸಿದ ನೀರು ಕುಡಿಯಲು ಹೇಳಿದರು.’ ಕೊನೆಯ ಕ್ರಿಯಾಪದ ಬದಲಾದರೂ ಅದರ ಹಿಂದಿನ ಭಾಗ ಅಲುಗಾಡುವುದಿಲ್ಲ. ‘ನನಗೆ’ ಎಂಬ ಚತುರ್ಥಿ ವಿಭಕ್ತಿಯೂ ‘ಕುಡಿಯಲು’ ಎಂಬ ರೂಪವೂ ಮೂರು ಕಡೆಯೂ ಹಾಗೆಯೇ ನಿಂತಿವೆ. ಈ ಅಭ್ಯಾಸದಿಂದ ಇಂಗ್ಲಿಷಿನಲ್ಲೂ ಕ್ರಿಯಾಪದ ಬದಲಿಸಿದರೆ ಸಾಕು, ಉಳಿದದ್ದು ಹಾಗೇ ಇರಬಹುದು ಎಂದುಕೊಳ್ಳುತ್ತೇವೆ. ಇಂಗ್ಲಿಷ್ ಹಾಗಲ್ಲ. ಅಲ್ಲಿ ಪ್ರತಿಯೊಂದು ಕ್ರಿಯಾಪದವೂ ತನ್ನ ಪಕ್ಕದಲ್ಲಿ ಯಾರು ಕುಳಿತುಕೊಳ್ಳಬೇಕು ಎಂದು ತಾನೇ ತೀರ್ಮಾನಿಸುತ್ತದೆ.

2. ವೇಲೆನ್ಸಿ ಎಂಬ ಕೀಲಿಕೈ

ರಸಾಯನಶಾಸ್ತ್ರದಲ್ಲಿ ಇದನ್ನು ಆಗಲೇ ಕಲಿತಿದ್ದೀರಿ. ಹೈಡ್ರೋಜನ್‌ನ ವೇಲೆನ್ಸಿ 1, ಆಕ್ಸಿಜನ್‌ನದ್ದು 2, ಕಾರ್ಬನ್‌ನದ್ದು 4. ಹಾಗಾಗಿ ಒಂದು ಆಕ್ಸಿಜನ್ ಪರಮಾಣು ಎರಡು ಹೈಡ್ರೋಜನ್ ಪರಮಾಣುಗಳ ಜೊತೆ ಸೇರಿ ನೀರಾಗುತ್ತದೆ. ಒಂದು ಕಾರ್ಬನ್ ನಾಲ್ಕು ಹೈಡ್ರೋಜನ್ ಜೊತೆ ಸೇರಿ ಮೀಥೇನ್ ಆಗುತ್ತದೆ. ಯಾವ ಪರಮಾಣು ಎಷ್ಟು ಬಂಧ ಮಾಡಬಲ್ಲದು ಎಂಬುದು ಅದರ ಸ್ವಭಾವ. ನಮಗೆ ಬೇಕಾದ ಹಾಗೆ ಆಕ್ಸಿಜನ್‌ಗೆ ಐದು ಹೈಡ್ರೋಜನ್ ಅಂಟಿಸಲಿಕ್ಕೆ ಆಗುವುದಿಲ್ಲ.

ಕ್ರಿಯಾಪದಗಳ ಸ್ವಭಾವವೂ ಹೀಗೆಯೇ. ಇದು ನಾನು ಸುಮ್ಮನೆ ಕಟ್ಟಿದ ಹೋಲಿಕೆ ಅಲ್ಲ. ಫ್ರಾನ್ಸ್ ದೇಶದ ಭಾಷಾವಿಜ್ಞಾನಿ ಲೂಸಿಯೆಂ ತೆನಿಯೇರ್ ರಸಾಯನಶಾಸ್ತ್ರದಿಂದಲೇ ವೇಲೆನ್ಸಿ ಎಂಬ ಪದವನ್ನು ಎರವಲು ಪಡೆದು ವ್ಯಾಕರಣಕ್ಕೆ ತಂದರು. ಅವರು ತೀರಿಕೊಂಡದ್ದು 1954ರಲ್ಲಿ. ಈ ವಿಚಾರವಿರುವ ಅವರ ದೊಡ್ಡ ಪುಸ್ತಕ 1959ರಲ್ಲಿ ಪ್ರಕಟವಾಯಿತು. ಇಂದಿಗೂ ಭಾಷಾವಿಜ್ಞಾನದಲ್ಲಿ ಕ್ರಿಯಾಪದದ ವೇಲೆನ್ಸಿ ಎಂಬ ಮಾತು ಬಳಕೆಯಲ್ಲಿದೆ.

ಹಾಗಾದರೆ ಸಲಹೆಯ ಕ್ರಿಯಾಪದಗಳನ್ನು ಅವುಗಳ ವೇಲೆನ್ಸಿ ನೋಡಿ ಗುಂಪು ಮಾಡೋಣ.

ಮೊದಲ ಗುಂಪು: ಅಡ್ವೈಜ್, ಟೆಲ್, ಆಸ್ಕ್, ಆರ್ಡರ್, ವಾರ್ನ್, ರಿಮೈಂಡ್, ಎನ್‌ಕರೇಜ್.

ಇವುಗಳ ಪಕ್ಕದಲ್ಲಿ ಮೊದಲು ವ್ಯಕ್ತಿ, ಆಮೇಲೆ ‘ಟು’, ಆಮೇಲೆ ಕ್ರಿಯಾಪದದ ಮೂಲರೂಪ.

‘ಶಿ ಅಡ್ವೈಜ್ಡ್ ಅಸ್ ಟು ಕವರ್ ದ ವಾಟರ್ ಟ್ಯಾಂಕ್.’ ನೀರಿನ ಟ್ಯಾಂಕ್ ಮುಚ್ಚಿಡಲು ಅವರು ನಮಗೆ ಸಲಹೆ ನೀಡಿದರು.

‘ಬೇಡ’ ಎಂದು ಹೇಳಬೇಕಾದರೆ ‘ಟು’ ಮೊದಲು ‘ನಾಟ್’ ಬರುತ್ತದೆ. ‘ದ ಲೈನ್‌ಮನ್ ವಾರ್ನ್ಡ್ ಅಸ್ ನಾಟ್ ಟು ಟಚ್ ದ ವೈರ್.’ ತಂತಿ ಮುಟ್ಟಬೇಡಿ ಎಂದು ಲೈನ್‌ಮನ್ ನಮ್ಮನ್ನು ಎಚ್ಚರಿಸಿದರು.

ಎರಡನೆಯ ಗುಂಪು: ಸಜೆಸ್ಟ್, ಪ್ರಪೋಸ್, ಇನ್ಸಿಸ್ಟ್.

ಇವುಗಳು ‘ವ್ಯಕ್ತಿ + ಟು + ಕ್ರಿಯಾಪದ’ ಎಂಬ ಜೋಡಣೆಯನ್ನು ಸೇರಿಸಿಕೊಳ್ಳುವುದಿಲ್ಲ. ‘ಸಜೆಸ್ಟೆಡ್ ಮಿ ಟು’, ‘ಇನ್ಸಿಸ್ಟೆಡ್ ಮಿ ಟು’ ಎರಡೂ ತಪ್ಪು. ‘ಸಜೆಸ್ಟ್’ ಪಕ್ಕದಲ್ಲಿ ಕೂರಬಹುದಾದವರು ಮೂವರು.

ಅ) ನಾಮಪದ: ‘ದ ಡಾಕ್ಟರ್ ಸಜೆಸ್ಟೆಡ್ ಎ ಬ್ಲಡ್ ಟೆಸ್ಟ್.’

ಆ) ‘ಇಂಗ್’ ಸೇರಿದ ರೂಪ: ‘ಅವರ್ ಟೀಚರ್ ಸಜೆಸ್ಟೆಡ್ ಯೂಸಿಂಗ್ ಎ ಮ್ಯಾಗ್ನೆಟ್.’

ಇ) ‘ದ್ಯಾಟ್’ ಎಂದು ಆರಂಭವಾಗುವ ಉಪವಾಕ್ಯ: ‘ದ ಡಾಕ್ಟರ್ ಸಜೆಸ್ಟೆಡ್ ದ್ಯಾಟ್ ಐ ಡ್ರಿಂಕ್ ಬಾಯಿಲ್ಡ್ ವಾಟರ್.’

ಯಾರಿಗೆ ಹೇಳಿದರು ಎಂದು ಸೇರಿಸಲೇಬೇಕಾದರೆ ‘ಟು ಮಿ’ ಎಂದು ಸೇರಿಸಿ: ‘ಹಿ ಸಜೆಸ್ಟೆಡ್ ಟು ಮಿ ದ್ಯಾಟ್...’. ಇಲ್ಲಿಯ ‘ಟು ಮಿ’ ನಮ್ಮ ‘ನನಗೆ’ಯ ಹಾಗೆ.

‘ಇಂಗ್’ ರೂಪದಲ್ಲಿ ಒಂದು ಸೂಕ್ಷ್ಮ ಉಂಟು. ‘ಮೈ ಮದರ್ ಸಜೆಸ್ಟೆಡ್ ಗೋಯಿಂಗ್ ಟು ದ ಹೆಲ್ತ್ ಸೆಂಟರ್’ ಎಂದರೆ ಹೋಗುವವರು ಯಾರು ಎಂದು ವಾಕ್ಯ ಹೇಳುವುದಿಲ್ಲ. ಸಾಮಾನ್ಯವಾಗಿ ಅಮ್ಮನೂ ಜೊತೆಗೆ ಹೋಗುವ ಭಾವ ಬರುತ್ತದೆ. ಮಾಡಬೇಕಾದವರು ಯಾರು ಎಂದು ಸ್ಪಷ್ಟವಾಗಬೇಕಿದ್ದರೆ ‘ದ್ಯಾಟ್’ ರೂಪವನ್ನೇ ಬಳಸಿ.

‘ಇನ್ಸಿಸ್ಟ್’ ಎಂದರೆ ಪಟ್ಟು ಹಿಡಿದು ಹೇಳುವುದು. ಅದಕ್ಕೆ ‘ಆನ್’ ಬೇಕು ಇಲ್ಲವೇ ‘ದ್ಯಾಟ್’ ಬೇಕು. ‘ಶಿ ಇನ್ಸಿಸ್ಟೆಡ್ ಆನ್ ರಿಪೀಟಿಂಗ್ ದಿ ಎಕ್ಸ್‌ಪೆರಿಮೆಂಟ್’, ‘ಶಿ ಇನ್ಸಿಸ್ಟೆಡ್ ದ್ಯಾಟ್ ವಿ ರಿಪೀಟ್ ದಿ ಎಕ್ಸ್‌ಪೆರಿಮೆಂಟ್’. ಮೊದಲನೆಯದರಲ್ಲಿ ಪ್ರಯೋಗವನ್ನು ಮತ್ತೆ ಮಾಡುವವಳು ಅವಳು, ಎರಡನೆಯದರಲ್ಲಿ ನಾವು.

ಮೂರನೆಯ ಗುಂಪು: ರೆಕಮೆಂಡ್.

ಇದು ಶಿಫಾರಸು. ಅನುಭವದಿಂದಲೋ ಅಧ್ಯಯನದಿಂದಲೋ ‘ಇದು ಒಳ್ಳೆಯದು’ ಎಂದು ಹೇಳುವ ಗಂಭೀರ ಮಾತು. ‘ಸಜೆಸ್ಟ್’ನಂತೆಯೇ ನಾಮಪದ, ‘ಇಂಗ್’ ರೂಪ, ‘ದ್ಯಾಟ್’ ಉಪವಾಕ್ಯ ಮೂರೂ ಇದಕ್ಕೆ ಸಲ್ಲುತ್ತವೆ. ‘ರೆಕಮೆಂಡ್ ಯೂ ಟು’ ಎಂಬ ಬಳಕೆ ಕೆಲವು ಕಡೆ ಕಾಣಸಿಗುತ್ತದೆ. ಆದರೂ ಪರೀಕ್ಷೆಯಲ್ಲಿ, ವರದಿಯಲ್ಲಿ ‘ದ್ಯಾಟ್’ ರೂಪವೇ ಸುರಕ್ಷಿತ.

‘ಅಡ್ವೈಜ್’ ಬಗ್ಗೆ ಇನ್ನೊಂದು ಮಾತು. ಕಬ್ಬಿಣಕ್ಕೆ 2, 3 ಎಂದು ಎರಡು ವೇಲೆನ್ಸಿ ಇದೆಯಲ್ಲ, ಹಾಗೆ ‘ಅಡ್ವೈಜ್’ಗೂ ಒಂದಕ್ಕಿಂತ ಹೆಚ್ಚು ಜೋಡಣೆ ಉಂಟು. ವ್ಯಕ್ತಿ ಇದ್ದರೆ ‘ಟು’: ‘ಅಡ್ವೈಜ್ಡ್ ಅಸ್ ಟು ಬಾಯಿಲ್’. ವ್ಯಕ್ತಿ ಇಲ್ಲದಿದ್ದರೆ ‘ಇಂಗ್’: ‘ಅಡ್ವೈಜ್ಡ್ ಬಾಯಿಲಿಂಗ್ ದ ವಾಟರ್’.

3. ಒಂದು ಅಕ್ಷರ, ಎರಡು ಪದ

‘ಅಡ್ವೈಸ್’ ಎಂಬುದು ನಾಮಪದ. ಸ್ಪೆಲ್ಲಿಂಗ್‌ನಲ್ಲಿ ‘ಸಿ’ ಬರುತ್ತದೆ. ಕೊನೆಯಲ್ಲಿ ‘ಸ್’ ಎಂದು ಕೇಳಿಸುತ್ತದೆ. ‘ಅಡ್ವೈಜ್’ ಎಂಬುದು ಕ್ರಿಯಾಪದ. ಸ್ಪೆಲ್ಲಿಂಗ್‌ನಲ್ಲಿ ‘ಎಸ್’ ಬರುತ್ತದೆ. ಕೊನೆಯಲ್ಲಿ ‘ಜೀಬ್ರಾ’ ಪದದ ಮೊದಲ ವ್ಯಂಜನದ ಧ್ವನಿ. ಈ ಧ್ವನಿ ಅಚ್ಚಗನ್ನಡ ಪದಗಳಲ್ಲಿ ಇಲ್ಲದ ಕಾರಣ ನಾವು ಎರಡನ್ನೂ ಒಂದೇ ಥರ ಹೇಳಿಬಿಡುತ್ತೇವೆ, ಆಮೇಲೆ ಬರೆಯುವಾಗಲೂ ಬೆರಕೆ ಮಾಡುತ್ತೇವೆ.

ಇನ್ನೊಂದು: ‘ಅಡ್ವೈಸ್’ ಎಣಿಸಲು ಬಾರದ ನಾಮಪದ. ನೀರನ್ನು ‘ಒಂದು ನೀರು, ಎರಡು ನೀರು’ ಎಂದು ಎಣಿಸುತ್ತೇವಾ? ‘ಒಂದು ಲೋಟ ನೀರು’ ಅನ್ನುತ್ತೇವೆ. ಹಾಗೆಯೇ ‘ಆ್ಯನ್ ಅಡ್ವೈಸ್’, ‘ಮೆನಿ ಅಡ್ವೈಸಸ್’ ತಪ್ಪು. ‘ಎ ಪೀಸ್ ಆಫ್ ಅಡ್ವೈಸ್’, ‘ಸಮ್ ಅಡ್ವೈಸ್’, ‘ಎ ಲಾಟ್ ಆಫ್ ಅಡ್ವೈಸ್’ ಸರಿ. ‘ಸಜೆಶನ್’ ಮತ್ತು ‘ರೆಕಮೆಂಡೇಶನ್’ ಎಣಿಸಬಹುದಾದ ಪದಗಳು. ‘ತ್ರೀ ಸಜೆಶನ್ಸ್’ ಎಂದು ಧೈರ್ಯವಾಗಿ ಬರೆಯಿರಿ.

4. ‘ದ್ಯಾಟ್’ ಆದ ಮೇಲೆ ಕ್ರಿಯಾಪದಕ್ಕೆ ಕಾಲವಿಲ್ಲ

ಈ ವಾಕ್ಯ ನೋಡಿ:

‘ದ ಟೀಚರ್ ಸಜೆಸ್ಟೆಡ್ ದ್ಯಾಟ್ ಶಿ ಚೆಕ್ ದ ಸರ್ಕ್ಯೂಟ್.’

‘ಶಿ’ ಜೊತೆ ‘ಚೆಕ್ಸ್’ ಬರಬೇಕಿತ್ತಲ್ಲ? ‘ಸಜೆಸ್ಟೆಡ್’ ಭೂತಕಾಲ ಆದ ಕಾರಣ ‘ಚೆಕ್ಡ್’ ಆದರೂ ಬರಬೇಕಿತ್ತಲ್ಲ? ಬರುವುದಿಲ್ಲ. ಸಲಹೆ ಕೊಡುವ ಕ್ರಿಯಾಪದದ ನಂತರದ ‘ದ್ಯಾಟ್’ ಉಪವಾಕ್ಯದಲ್ಲಿ ಮೂಲರೂಪವೇ ಬರುತ್ತದೆ. ಬೇಕಿದ್ದರೆ ನಡುವೆ ‘ಶುಡ್’ ಸೇರಿಸಬಹುದು: ‘ದ್ಯಾಟ್ ಶಿ ಶುಡ್ ಚೆಕ್’. ‘ಆ್ಯಮ್, ಈಸ್, ಆರ್’ಗಳ ಜಾಗದಲ್ಲಿ ‘ಬಿ’ ಬರುತ್ತದೆ: ‘ವಿ ರೆಕಮೆಂಡ್ ದ್ಯಾಟ್ ದ ವೆಲ್ ಬಿ ಕವರ್ಡ್ ವಿತ್ ಎ ನೆಟ್.’ ಬಾವಿಗೆ ಬಲೆ ಮುಚ್ಚಬೇಕೆಂದು ನಾವು ಶಿಫಾರಸು ಮಾಡುತ್ತೇವೆ.

ಇದು ವಿಚಿತ್ರ ಅನ್ನಿಸಿದರೆ ಕನ್ನಡ ವ್ಯಾಕರಣ ನೆನಪು ಮಾಡಿಕೊಳ್ಳಿ. ವಿಧ್ಯರ್ಥದಲ್ಲಿ ‘ಅವಳು ನೋಡಲಿ’, ‘ಅವನು ಬರಲಿ’ ಅನ್ನುತ್ತೇವೆ. ಈ ‘ನೋಡಲಿ’ ಭೂತಕಾಲವೋ, ವರ್ತಮಾನವೋ, ಭವಿಷ್ಯತ್ತೋ? ಯಾವುದೂ ಅಲ್ಲ. ‘ನೋಡಲಿ ಎಂದು ನಿನ್ನೆ ಹೇಳಿದರು’, ‘ನೋಡಲಿ ಎಂದು ನಾಳೆ ಹೇಳುತ್ತಾರೆ’. ಹೊರಗಿನ ಕ್ರಿಯಾಪದದ ಕಾಲ ಬದಲಾಗುತ್ತದೆ, ‘ನೋಡಲಿ’ ಹಾಗೇ ಇರುತ್ತದೆ. ಕಾರಣ, ಅದು ಇನ್ನೂ ನಡೆದಿಲ್ಲ. ನಡೆಯಲಿ ಎಂಬ ಅಪೇಕ್ಷೆ ಮಾತ್ರ. ಇಂಗ್ಲಿಷಿನ ‘ದ್ಯಾಟ್ ಶಿ ಚೆಕ್’ ಎಂಬುದನ್ನು ‘ಅವಳು ಪರೀಕ್ಷಿಸಲಿ ಎಂದು’ ಎಂದು ಮನಸ್ಸಿನಲ್ಲಿ ಓದಿಕೊಂಡರೆ ಗೊಂದಲ ಉಳಿಯುವುದಿಲ್ಲ.

5. ‘ಸಜೆಸ್ಟ್’ನ ಎರಡನೆಯ ಮುಖ: ಸಾಕ್ಷ್ಯ ಮಾತಾಡುವಾಗ

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ವಿಶೇಷ ಗಮನ ಕೊಡಬೇಕು. ‘ಸಜೆಸ್ಟ್’ ಮಾಡುವುದು ಮನುಷ್ಯರು ಮಾತ್ರ ಅಲ್ಲ. ಪ್ರಯೋಗದ ಫಲಿತಾಂಶವೂ ‘ಸಜೆಸ್ಟ್’ ಮಾಡುತ್ತದೆ. ಆಗ ಅದರ ಅರ್ಥ ‘ಸಲಹೆ’ ಅಲ್ಲ. ‘ಹೀಗಿರಬೇಕು ಎಂದು ತೋರಿಸುತ್ತದೆ, ಸೂಚನೆ ಕೊಡುತ್ತದೆ’ ಎಂದು.

ಪರಮಾಣುವಿನ ಪಾಠ ನೆನಪಿದೆಯಲ್ಲ? ರುದರ್‌ಫೋರ್ಡ್ ಅವರ ಮಾರ್ಗದರ್ಶನದಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ತೆಳ್ಳಗಿನ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಹೆಚ್ಚಿನ ಕಣಗಳು ನೇರವಾಗಿ ದಾಟಿ ಹೋದವು. ಕೆಲವೇ ಕೆಲವು ಕಣಗಳು ಹಿಂದಕ್ಕೆ ಚಿಮ್ಮಿದವು. ಪರಮಾಣುವಿನ ಒಳಗನ್ನು ಯಾರೂ ಕಣ್ಣಿನಿಂದ ನೋಡಿರಲಿಲ್ಲ. ಫಲಿತಾಂಶ ಕೊಟ್ಟ ಸೂಚನೆಯನ್ನು ಹಿಡಿದು 1911ರಲ್ಲಿ ರುದರ್‌ಫೋರ್ಡ್ ತಮ್ಮ ಮಾದರಿಯನ್ನು ಮುಂದಿಟ್ಟರು. ಇದನ್ನು ಇಂಗ್ಲಿಷಿನಲ್ಲಿ ಹೀಗೆ ಬರೆಯಬಹುದು:

‘ದ ರಿಸಲ್ಟ್ಸ್ ಸಜೆಸ್ಟೆಡ್ ದ್ಯಾಟ್ ಮೋಸ್ಟ್ ಆಫ್ ದಿ ಆ್ಯಟಮ್ ವಾಸ್ ಎಂಪ್ಟಿ.’

ಗಮನಿಸಿ: ಇಲ್ಲಿ ‘ಬಿ’ ಇಲ್ಲ, ‘ವಾಸ್’ ಇದೆ. ಸಾಕ್ಷ್ಯದ ‘ಸಜೆಸ್ಟ್’ ಬಂದಾಗ ‘ದ್ಯಾಟ್’ ಉಪವಾಕ್ಯದ ಕ್ರಿಯಾಪದಕ್ಕೆ ಎಂದಿನಂತೆ ಕಾಲವೂ ‘ಎಸ್’ ಪ್ರತ್ಯಯವೂ ಬರುತ್ತವೆ. ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿ:

‘ಐ ಸಜೆಸ್ಟ್ ದ್ಯಾಟ್ ದ ವಾಟರ್ ಬಿ ಟೆಸ್ಟೆಡ್.’ ನೀರನ್ನು ಪರೀಕ್ಷಿಸಲಿ ಎಂಬುದು ನನ್ನ ಸಲಹೆ.

‘ದ ಸ್ಮೆಲ್ ಸಜೆಸ್ಟ್ಸ್ ದ್ಯಾಟ್ ದ ವಾಟರ್ ಈಸ್ ಪೊಲ್ಯೂಟೆಡ್.’ ನೀರು ಕಲುಷಿತವಾಗಿದೆ ಎಂದು ವಾಸನೆ ಸೂಚಿಸುತ್ತದೆ.

‘ಬಿ’ ಎಂದರೆ ಆಗಬೇಕಾದದ್ದು. ‘ಈಸ್’ ಎಂದರೆ ಇರುವಂಥದ್ದು. ಎರಡು ಅಕ್ಷರದ ಪುಟ್ಟ ಪದ ಸಲಹೆಗೂ ಅನುಮಾನಕ್ಕೂ ಗೆರೆ ಹಾಕಿಕೊಡುತ್ತದೆ.

ಇದರ ಜೊತೆಗೇ ಇನ್ನೊಂದು ವಿಷಯ. ನಿಮ್ಮ ವರದಿಗಳಲ್ಲಿ ‘ಪ್ರೂವ್’ ಎಂಬ ಪದ ಧಾರಾಳವಾಗಿ ಬರುತ್ತದೆ. ಮೂರು ಬಾವಿಗಳ ನೀರು ನೋಡಿ ‘ದಿಸ್ ಪ್ರೂವ್ಸ್ ದ್ಯಾಟ್ ಆಲ್ ದ ವೆಲ್ಸ್ ಇನ್ ಅವರ್ ವಿಲೇಜ್ ಆರ್ ಸೇಫ್’ ಎಂದು ಬರೆದರೆ ತೀರ್ಪುಗಾರರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ನಾಲ್ಕನೆಯ ಬಾವಿಯನ್ನು ನೀವು ನೋಡಿಲ್ಲವಲ್ಲ! ಸಾಕ್ಷ್ಯ ಎಷ್ಟು ಗಟ್ಟಿಯೋ ಪದವೂ ಅಷ್ಟೇ ಗಟ್ಟಿ ಇರಬೇಕು. ಸಣ್ಣ ಪ್ರಯೋಗಕ್ಕೆ ‘ಸಜೆಸ್ಟ್’ ಸಾಕು. ಪಿಷ್ಟಕ್ಕೆ ಅಯೋಡಿನ್ ಹಾಕಿದಾಗ ನೀಲಿ-ಕಪ್ಪು ಬಣ್ಣ ಬರುವಂಥ ನಂಬಿಕೆಯ ಪರೀಕ್ಷೆಗೆ ‘ಇಂಡಿಕೇಟ್’ ಅಥವಾ ‘ಶೋ’ ಬರೆಯಬಹುದು. ‘ಪ್ರೂವ್’ ಪದವನ್ನು ಗಣಿತದ ಪ್ರಮೇಯಗಳಿಗೆ ಬಿಟ್ಟುಕೊಡಿ.

6. ‘ಬೇಕು’ ಒಂದೇ, ಇಂಗ್ಲಿಷಿನಲ್ಲಿ ಮೆಟ್ಟಿಲು ಹಲವು

ಕನ್ನಡದ ‘ಬೇಕು’ ಬಹಳ ದುಡಿಯುವ ಪದ. ‘ದಿನಾ ಹಣ್ಣು ತಿನ್ನಬೇಕು’ ಎಂಬುದೂ ‘ಬೇಕು’, ‘ಪರೀಕ್ಷೆಗೆ ಹಾಲ್ ಟಿಕೆಟ್ ತರಬೇಕು’ ಎಂಬುದೂ ‘ಬೇಕು’. ಒಂದು ಸಲಹೆ, ಇನ್ನೊಂದು ನಿಯಮ. ಸಂದರ್ಭ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಇವುಗಳಿಗೆ ಬೇರೆ ಬೇರೆ ಪದ. ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಹತ್ತೋಣ.

‘ಕುಡ್’, ‘ಮೈಟ್’: ಹೀಗೂ ಮಾಡಬಹುದು. ಕೇಳುವವರಿಗೆ ಪೂರ್ತಿ ಸ್ವಾತಂತ್ರ್ಯ.

‘ಶುಡ್’, ‘ಆಟ್ ಟು’: ಮಾಡುವುದು ಒಳ್ಳೆಯದು. ಇದು ಸಲಹೆ.

‘ಹ್ಯಾಡ್ ಬೆಟರ್’: ಮಾಡದಿದ್ದರೆ ತೊಂದರೆ ಆದೀತು. ಸಲಹೆಯ ಒಳಗೆ ಎಚ್ಚರಿಕೆ ಅಡಗಿದೆ. ‘ಹ್ಯಾಡ್’ ಇದ್ದರೂ ಇದು ಭೂತಕಾಲವಲ್ಲ. ಇದರ ಮುಂದೆ ‘ಟು’ ಬರುವುದಿಲ್ಲ. ‘ಯೂ ಹ್ಯಾಡ್ ಬೆಟರ್ ಸ್ವಿಚ್ ಆಫ್ ದ ಮೇನ್.’

‘ಮಸ್ಟ್’: ಮಾಡಲೇಬೇಕು. ಆಯ್ಕೆ ಇಲ್ಲ.

ಪ್ರಯೋಗಾಲಯದ ಉದಾಹರಣೆ ನೋಡಿ. ಗಾಢ ಸಲ್ಫ್ಯೂರಿಕ್ ಆಮ್ಲವನ್ನು ತಿಳಿ ಮಾಡುವಾಗ ಆಮ್ಲವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಸೇರಿಸಬೇಕು; ನೀರನ್ನು ಆಮ್ಲಕ್ಕೆ ಸುರಿಯಬಾರದು. ಸುರಿದರೆ ಹುಟ್ಟುವ ಬಿಸಿಗೆ ನೀರು ಥಟ್ಟನೆ ಕುದಿದು ಆಮ್ಲ ಮೈಮೇಲೆ ಸಿಡಿಯುತ್ತದೆ. ಇದನ್ನು ‘ಯೂ ಶುಡ್ ಆ್ಯಡ್ ಆ್ಯಸಿಡ್ ಟು ವಾಟರ್’ ಎಂದು ಬರೆದರೆ ‘ಹಾಗೆ ಮಾಡಿದರೆ ಒಳ್ಳೆಯದು’ ಎಂದಷ್ಟೇ ಓದುವವರಿದ್ದಾರೆ. ‘ಯೂ ಮಸ್ಟ್ ಆ್ಯಡ್ ಆ್ಯಸಿಡ್ ಟು ವಾಟರ್. ಯೂ ಮಸ್ಟ್ ನಾಟ್ ಪೋರ್ ವಾಟರ್ ಇಂಟು ಆ್ಯಸಿಡ್’ ಎಂದೇ ಬರೆಯಬೇಕು. ಆದರೆ ‘ಓದಿದ್ದನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಬೇಕು’ ಎಂಬ ಮಾತಿಗೆ ‘ಶುಡ್’ ಸಾಕು. ಅಲ್ಲಿ ‘ಮಸ್ಟ್’ ಹಾಕಿದರೆ ಅತಿಯಾಯಿತು.

ಈ ಭೇದ ಎಷ್ಟು ಮುಖ್ಯ ಎಂದರೆ, ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ತನ್ನ ಮಾನಕಗಳಲ್ಲಿ ಈ ಪದಗಳಿಗೆ ನಿಗದಿತ ಅರ್ಥ ಕೊಟ್ಟಿದೆ. ‘ಶಲ್’ ಎಂದರೆ ಪಾಲಿಸಲೇಬೇಕಾದ ಷರತ್ತು, ‘ಶುಡ್’ ಎಂದರೆ ಶಿಫಾರಸು, ‘ಮೇ’ ಎಂದರೆ ಅನುಮತಿ, ‘ಕ್ಯಾನ್’ ಎಂದರೆ ಸಾಧ್ಯತೆ. ಪದ ಒಂದು ಬದಲಾದರೆ ಕಾರ್ಖಾನೆಯವರ ಜವಾಬ್ದಾರಿಯೇ ಬದಲಾಗುತ್ತದೆ.

‘ಬೇಡ’ದ ಕಡೆ ಮಾತ್ರ ಕನ್ನಡವೇ ನಿಮಗೆ ದಾರಿ ತೋರಿಸುತ್ತದೆ. ‘ಬಾರದು’ ಎಂದರೆ ‘ಮಸ್ಟ್ ನಾಟ್’. ‘ಬೇಕಾಗಿಲ್ಲ’ ಎಂದರೆ ‘ಡೋಂಟ್ ಹ್ಯಾವ್ ಟು’. ‘ಈ ಮಾತ್ರೆಯನ್ನು ಜಗಿಯಬಾರದು’, ‘ಈ ಮಾತ್ರೆಯನ್ನು ಜಗಿಯಬೇಕಾಗಿಲ್ಲ’. ವ್ಯತ್ಯಾಸ ಗೊತ್ತಾಯಿತಲ್ಲ?

7. ಹಿರಿಯರಿಗೆ ಸಲಹೆ ಕೊಡುವುದು

ನಮಗೆ ‘ನೀನು’, ‘ನೀವು’ ಎಂಬ ಎರಡು ಪದ ಇದೆ. ‘ನೀವು ಒಮ್ಮೆ ನೋಡಿದರೆ ಒಳ್ಳೆಯದಿತ್ತು ಸರ್’ ಎಂದರೆ ಗೌರವ ಸರ್ವನಾಮದಲ್ಲೇ ಬಂದುಬಿಟ್ಟಿತು. ಇಂಗ್ಲಿಷಿನಲ್ಲಿ ‘ಯೂ’ ಒಂದೇ. ತಮ್ಮನಿಗೂ ‘ಯೂ’, ಹೆಡ್‌ಮಾಸ್ಟರರಿಗೂ ‘ಯೂ’. ಹಾಗಾದರೆ ಗೌರವ ಎಲ್ಲಿ ತೋರಿಸುವುದು? ಕ್ರಿಯಾಪದದ ಆಯ್ಕೆಯಲ್ಲಿ.

ತಮ್ಮನಿಗೆ ‘ಯೂ ಹ್ಯಾಡ್ ಬೆಟರ್ ಗೋ ನೌ’ ಅನ್ನಬಹುದು. ಹೆಡ್‌ಮಾಸ್ಟರರಿಗೆ ‘ಯೂ ಹ್ಯಾಡ್ ಬೆಟರ್ ರಿಪೇರ್ ದ ಟ್ಯಾಪ್’ ಅಂದರೆ ಬೆದರಿಕೆ ಹಾಕಿದ ಹಾಗೆ ಕೇಳಿಸುತ್ತದೆ. ಅಲ್ಲಿ ‘ಮೇ ವಿ ಸಜೆಸ್ಟ್ ದ್ಯಾಟ್ ದ ಟ್ಯಾಪ್ ಬಿ ರಿಪೇರ್ಡ್?’ ಅಥವಾ ‘ಕುಡ್ ದ ಟ್ಯಾಪ್ ಬಿ ರಿಪೇರ್ಡ್, ಸರ್?’ ಎಂದರೆ ಹಿತವಾಗಿರುತ್ತದೆ. ಪಂಚಾಯತ್ ಅಧ್ಯಕ್ಷರಿಗೆ ಪತ್ರ ಬರೆಯುವಾಗಲೂ ‘ಮಸ್ಟ್’ಗಿಂತ ‘ವಿ ರಿಕ್ವೆಸ್ಟ್ ದ್ಯಾಟ್...’, ‘ವಿ ರೆಕಮೆಂಡ್ ದ್ಯಾಟ್...’ ಒಳ್ಳೆಯದು.

8. ಶಿಫಾರಸು, ನಿರ್ಧಾರ, ಆದೇಶ: ನಮ್ಮ ಜಿಲ್ಲೆಯ ಒಂದು ಉದಾಹರಣೆ

ಕಾಸರಗೋಡಿನ ಮಕ್ಕಳಿಗೆ ಎಂಡೋಸಲ್ಫಾನ್ ಎಂಬ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಕೀಟನಾಶಕ ಅದು. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ. ಆದರೆ ದೇಶದ ಮಾರುಕಟ್ಟೆಯಿಂದ ಆ ವಿಷ ಹೊರಗೆ ಹೋಗಲು ಇನ್ನೂ ಹನ್ನೊಂದು ವರ್ಷ ಬೇಕಾಯಿತು. ಕೊನೆಯ ಕೆಲವು ತಿಂಗಳುಗಳ ಹೆಜ್ಜೆಗಳನ್ನು ಕ್ರಿಯಾಪದಗಳ ಮೂಲಕ ನೋಡೋಣ.

ಬಹುಕಾಲ ನಾಶವಾಗದೆ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಕುರಿತು ಸ್ಟಾಕ್‌ಹೋಮ್ ಒಪ್ಪಂದ ಎಂಬುದೊಂದಿದೆ. ಅದರ ವಿಜ್ಞಾನಿಗಳ ಪರಿಶೀಲನಾ ಸಮಿತಿ 2010ರ ಅಕ್ಟೋಬರ್‌ನಲ್ಲಿ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಲು ಶಿಫಾರಸು ಮಾಡಿತು. ಇಲ್ಲಿಯ ಕ್ರಿಯಾಪದ ‘ರೆಕಮೆಂಡೆಡ್’. ಸಮಿತಿಗೆ ಇದ್ದ ಅಧಿಕಾರ ಅಷ್ಟೇ.

2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ಸದಸ್ಯ ದೇಶಗಳ ಸಮ್ಮೇಳನ, ಕೆಲವು ವಿನಾಯಿತಿಗಳ ಜೊತೆ, ಅದನ್ನು ಪಟ್ಟಿಗೆ ಸೇರಿಸಲು ನಿರ್ಧರಿಸಿತು. ಕ್ರಿಯಾಪದ ‘ಡಿಸೈಡೆಡ್’.

2011ರ ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಉತ್ಪಾದನೆ, ಮಾರಾಟ, ಬಳಕೆಯನ್ನು ನಿಲ್ಲಿಸುವಂತೆ ಮಧ್ಯಂತರ ಆದೇಶ ನೀಡಿತು. ಕ್ರಿಯಾಪದ ‘ಆರ್ಡರ್ಡ್’.

ನಮ್ಮದೇ ಮಾತಿನಲ್ಲಿ ಬರೆದರೆ:

‘ದ ಕಮಿಟಿ ರೆಕಮೆಂಡೆಡ್ ದ್ಯಾಟ್ ಎಂಡೋಸಲ್ಫಾನ್ ಬಿ ಲಿಸ್ಟೆಡ್. ದ ಕಾನ್ಫರೆನ್ಸ್ ಡಿಸೈಡೆಡ್ ಟು ಲಿಸ್ಟ್ ಇಟ್. ದ ಕೋರ್ಟ್ ಆರ್ಡರ್ಡ್ ದ್ಯಾಟ್ ಇಟ್ಸ್ ಸೇಲ್ ಬಿ ಸ್ಟಾಪ್ಡ್.’

ಮೂರೂ ವಾಕ್ಯಗಳಿಗೆ ‘ಎಂಡೋಸಲ್ಫಾನ್ ಬೇಡ ಎಂದು ಹೇಳಿದರು’ ಎಂದು ಒಂದೇ ಕನ್ನಡ ವಾಕ್ಯ ಬರೆದರೂ ನಡೆದೀತು. ಆದರೆ ಆಗ ಯಾರಿಗೆ ಎಷ್ಟು ಅಧಿಕಾರ ಇತ್ತು, ಯಾವ ಮಾತಿನಿಂದ ಅಂಗಡಿಯ ಡಬ್ಬಿ ನಿಜವಾಗಿ ಕೆಳಗಿಳಿಯಿತು ಎಂಬುದು ಮರೆಯಾಗುತ್ತದೆ. ಮುಂದೆ ಪತ್ರಿಕೆಯಲ್ಲಿ ಯಾವುದಾದರೂ ಸಮಿತಿ ‘ರೆಕಮೆಂಡೆಡ್’ ಎಂದು ಓದಿದರೆ, ಕೆಲಸ ಆಯಿತು ಎಂದುಕೊಳ್ಳಬೇಡಿ. ನಿರ್ಧಾರ ಆಯಿತೇ, ಆದೇಶ ಬಂತೇ ಎಂದು ಮುಂದಿನ ಕ್ರಿಯಾಪದಕ್ಕಾಗಿ ಹುಡುಕಿ.

9. ಪರೀಕ್ಷೆಗೆ ಬೇಕಾದ ಪಟ್ಟಿ

ಸಂಭಾಷಣೆಯನ್ನು ಪರೋಕ್ಷ ಮಾತಿಗೆ ಬದಲಿಸುವ ಪ್ರಶ್ನೆಯಲ್ಲಿ ಹೀಗೆ ನೆನಪಿಟ್ಟುಕೊಳ್ಳಿ:

‘ಲೆಟ್ಸ್...’ ಅಥವಾ ‘ಶಲ್ ವಿ...’ ಎಂದು ಆರಂಭವಾದರೆ: ‘ಸಜೆಸ್ಟೆಡ್’ + ಇಂಗ್ ರೂಪ, ಅಥವಾ ‘ಸಜೆಸ್ಟೆಡ್ ದ್ಯಾಟ್ ದೇ ಶುಡ್...’.

‘ಯೂ ಶುಡ್...’ ಅಥವಾ ‘ಇಫ್ ಐ ವರ್ ಯೂ...’ ಎಂದಿದ್ದರೆ: ‘ಅಡ್ವೈಜ್ಡ್’ + ವ್ಯಕ್ತಿ + ‘ಟು’.

‘ಡೋಂಟ್...’ ಎಂಬುದು ಅಪಾಯದ ಎಚ್ಚರಿಕೆಯಾಗಿದ್ದರೆ: ‘ವಾರ್ನ್ಡ್’ + ವ್ಯಕ್ತಿ + ‘ನಾಟ್ ಟು’.

‘ಡೋಂಟ್ ಫರ್ಗೆಟ್ ಟು...’ ಎಂದಿದ್ದರೆ: ‘ರಿಮೈಂಡೆಡ್’ + ವ್ಯಕ್ತಿ + ‘ಟು’.

10. ಈಗ ನಿಮ್ಮ ಸರದಿ

ಮೊದಲ ಐದರಲ್ಲಿ ತಪ್ಪು ಹುಡುಕಿ ತಿದ್ದಿ. ಆರನೆಯದನ್ನು ಇಂಗ್ಲಿಷಿಗೆ ತನ್ನಿ. ಉತ್ತರ ಕೆಳಗಿದೆ, ಮೊದಲೇ ನೋಡಬೇಡಿ.

ಒಂದು: ದ ನರ್ಸ್ ಸಜೆಸ್ಟೆಡ್ ಅಸ್ ಟು ವಾಶ್ ಅವರ್ ಹ್ಯಾಂಡ್ಸ್.

ಎರಡು: ಮೈ ಅಂಕಲ್ ಗೇವ್ ಮಿ ಮೆನಿ ಅಡ್ವೈಸಸ್.

ಮೂರು: ಐ ಸಜೆಸ್ಟ್ ಟು ಯೂಸ್ ಎ ಕ್ಲಾತ್ ಫಿಲ್ಟರ್.

ನಾಲ್ಕು: ದ ಬ್ಲೂ-ಬ್ಲ್ಯಾಕ್ ಕಲರ್ ಸಜೆಸ್ಟ್ಸ್ ದ್ಯಾಟ್ ದ ಪೊಟ್ಯಾಟೋ ಕಂಟೇನ್ ಸ್ಟಾರ್ಚ್.

ಐದು: ವಿ ರೆಕಮೆಂಡ್ ದ್ಯಾಟ್ ದ ಟ್ಯಾಂಕ್ ಈಸ್ ಕ್ಲೀನ್ಡ್ ಎವ್ರಿ ಮಂತ್.

ಆರು: ಈ ಪ್ರಯೋಗಕ್ಕೆ ನೀವು ನೀರು ಬಿಸಿ ಮಾಡಬೇಕಾಗಿಲ್ಲ.

ಉತ್ತರಗಳು

ಒಂದು: ‘ದ ನರ್ಸ್ ಅಡ್ವೈಜ್ಡ್ ಅಸ್ ಟು ವಾಶ್...’ ಅಥವಾ ‘ದ ನರ್ಸ್ ಸಜೆಸ್ಟೆಡ್ ದ್ಯಾಟ್ ವಿ ವಾಶ್...’.

ಎರಡು: ‘...ಎ ಲಾಟ್ ಆಫ್ ಅಡ್ವೈಸ್’.

ಮೂರು: ‘ಐ ಸಜೆಸ್ಟ್ ಯೂಸಿಂಗ್...’.

ನಾಲ್ಕು: ‘ಕಂಟೇನ್ಸ್’. ಇದು ಸಾಕ್ಷ್ಯದ ‘ಸಜೆಸ್ಟ್’ ಆದ್ದರಿಂದ ‘ಎಸ್’ ಬೇಕು.

ಐದು: ‘...ಬಿ ಕ್ಲೀನ್ಡ್’. ಇದು ಸಲಹೆ ಆದ್ದರಿಂದ ಮೂಲರೂಪ.

ಆರು: ‘ಯೂ ಡೋಂಟ್ ಹ್ಯಾವ್ ಟು ಹೀಟ್ ದ ವಾಟರ್ ಫಾರ್ ದಿಸ್ ಎಕ್ಸ್‌ಪೆರಿಮೆಂಟ್.’

ನಾಲ್ಕನ್ನೂ ಐದನ್ನೂ ಸರಿಯಾಗಿ ತಿದ್ದಿದವರಿಗೆ ಈ ಪಾಠದ ತಿರುಳು ಸಿಕ್ಕಿತು ಎಂದೇ ಲೆಕ್ಕ.

ಕೊನೆಗೆ ಒಂದು ಮನೆಗೆಲಸ. ನಿಮ್ಮ ಶಾಲೆಯ ಅಥವಾ ಮನೆಯ ಹತ್ತಿರದ ಒಂದು ಬಾವಿಯನ್ನು ನೋಡಿ ಬನ್ನಿ. ದೊಡ್ಡವರು ಯಾರಾದರೂ ಜೊತೆಗಿರಲಿ. ಕಟ್ಟೆ ಎಷ್ಟು ಎತ್ತರ ಇದೆ, ಬಲೆ ಹಾಕಿದ್ದಾರಾ, ನೀರಿನ ಬಣ್ಣ, ವಾಸನೆ ಹೇಗಿದೆ, ಹತ್ತಿರದಲ್ಲಿ ಹಟ್ಟಿ ಅಥವಾ ಶೌಚಾಲಯದ ಗುಂಡಿ ಉಂಟಾ ಎಂದು ಬರೆದುಕೊಳ್ಳಿ. ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕೇ ವಾಕ್ಯ ಬರೆಯಿರಿ. ಕಂಡದ್ದರಿಂದ ಏನು ತೋರುತ್ತದೆ ಎಂದು ಒಂದು, ‘ಸಜೆಸ್ಟ್ಸ್ ದ್ಯಾಟ್’ ಬಳಸಿ. ಮನೆಯವರಿಗೆ ಸಲಹೆ ಒಂದು, ‘ಶುಡ್’ ಬಳಸಿ. ಪಂಚಾಯತ್‌ಗೆ ಶಿಫಾರಸು ಒಂದು, ‘ರೆಕಮೆಂಡ್ ದ್ಯಾಟ್’ ಬಳಸಿ. ಚಿಕ್ಕ ಮಕ್ಕಳಿಗೆ ಎಚ್ಚರಿಕೆ ಒಂದು, ‘ಮಸ್ಟ್ ನಾಟ್’ ಬಳಸಿ. ಬರೆದದ್ದನ್ನು ನಿಮ್ಮ ಇಂಗ್ಲಿಷ್ ಟೀಚರಿಗೂ ವಿಜ್ಞಾನ ಟೀಚರಿಗೂ ತೋರಿಸಿ. ವಾಕ್ಯ ಸರಿ ಇದೆಯಾ ಎಂದು ಒಬ್ಬರು ನೋಡಲಿ, ಕಂಡದ್ದಕ್ಕಿಂತ ಹೆಚ್ಚು ಹೇಳಿದ್ದೀರಾ ಎಂದು ಇನ್ನೊಬ್ಬರು ನೋಡಲಿ. ಇಬ್ಬರೂ ಒಪ್ಪಿದರೆ ಆ ಮೂರನೆಯ ವಾಕ್ಯವನ್ನು ಪತ್ರ ಮಾಡಿ ಪಂಚಾಯತ್‌ಗೆ ಕೊಟ್ಟು ಬನ್ನಿ.